ಕೋವಿಯ ಕೋಟಿಂಗ್ ಎದ್ದು ಬರುತ್ತಿದೆಯಾ? ಅದರ ಮೇಲೆ ಇನ್ನೊಂದು ಕೋಟ್ ಹೊಡೆಸಬೇಡಿ

ಹೋದ ವರ್ಷ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಇನ್ನೆರಡು ದಿನ ಇತ್ತು. ಪೂಜೆಗೆ ಇಡುವ ಮೊದಲು ಒರೆಸೋಣ ಅಂತ ಮನೆಯ ಜೋಡಿನಳಿಗೆ ಕೋವಿಯನ್ನು ಕೆಳಗಿಳಿಸಿದೆ. ಬಟ್ಟೆ ಆಡಿಸುವಾಗ ಹೆಬ್ಬೆರಳಿಗೆ ಒಂದು ಕಡೆ ಮೆತ್ತಗೆ ಸಿಕ್ಕಿತು. ಕಬ್ಬಿಣ ಮೆತ್ತಗಿರುವುದು ಹೇಗೆ? ಉಗುರಿನಿಂದ ಒತ್ತಿದೆ. ಹಪ್ಪಳ ಮುರಿದ ಹಾಗೆ ಚಟ್ ಅಂತ ಒಂದು ಚೂರು ಕಪ್ಪು ಪದರ ಎದ್ದು ಬಂತು. ಕೆಳಗೆ ಇಟ್ಟಿಗೆ ಬಣ್ಣದ ಪುಡಿ. ನಳಿಗೆ ಪೂರ್ತಿ ತುಕ್ಕು.

ಅದಕ್ಕೂ ಮೂರು ವರ್ಷ ಮೊದಲು ಮನೆಯ ಹಿರಿಯರು ಅದಕ್ಕೆ ಕೋಟಿಂಗ್ ಮಾಡಿಸಿದ್ದರು. ಇನ್ನು ಮಳೆಗಾಲದ ಚಿಂತೆ ಇಲ್ಲ, ತುಕ್ಕು ಹತ್ತಿರ ಬರಲ್ಲ ಅಂತ ಮಾಡಿಕೊಟ್ಟವರು ಹೇಳಿದ್ದರಂತೆ. ನಾವು ನಂಬಿದೆವು. ನಂಬಿ ಎಣ್ಣೆ ಹಚ್ಚುವುದನ್ನೂ ಬಿಟ್ಟೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕೊಡಗಿನಲ್ಲಿ ಇದೇ ದೊಡ್ಡ ತಪ್ಪು. ಬರೀ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಮೊದಲ ವಾರವೇ ಕಣ್ಣಿಗೆ ಬೀಳುತ್ತದೆ, ಒರೆಸಿ ಎಣ್ಣೆ ಹಚ್ಚುತ್ತೇವೆ. ಸರಿಯಾಗಿ ಕೂರದ ಕೋಟಿಂಗ್‌ನ ಕೆಳಗೆ ತುಕ್ಕು ಹಿಡಿದರೆ ಯಾರಿಗೂ ಕಾಣುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ ಅಲ್ಲೇ ಉಳಿದು ಮೂರು ವರ್ಷ ಸದ್ದಿಲ್ಲದೆ ತಿನ್ನುತ್ತದೆ. ಅದಕ್ಕೇ ಹೇಳುತ್ತೇನೆ, ಕೆಟ್ಟ ಕೋಟಿಂಗ್‌ಗಿಂತ ಏನೂ ಇಲ್ಲದಿರುವುದೇ ವಾಸಿ.

ಇದೇ ತೊಂದರೆ ಇನ್ನೂ ಎಷ್ಟೋ ಮನೆಗಳಲ್ಲಿ ಇದೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ನಾನು ಮಾಡಿದ್ದು, ಕೇಳಿ ತಿಳಿದದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು. ಏನೇ ಮಾಡುವ ಮುಂಚೆ ಕೋವಿಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು ಎರಡೂ ನಳಿಗೆಯಲ್ಲಿ ತೋಟೆ ಇಲ್ಲ ಅಂತ ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ನೋಡಿ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಇನ್ನೂ ಎಚ್ಚರ ಬೇಕು. ಒಳಗೆ ಹಳೇ ಈಡು ಕೂತಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಅನುಮಾನ ಇದ್ದರೆ ನೀವು ತೆಗೆಯಲು ಹೋಗಬೇಡಿ, ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಹೋಗಿ. ತೋಟೆಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ.

ಆಮೇಲೆ ನಳಿಗೆಯನ್ನು ಬೇರೆ ಮಾಡಿ ಬೆಳಕಿಗೆ ಹಿಡಿದು ಒಳಗೆ ನೋಡಿ. ಕೋಟಿಂಗ್ ಹಾಕುವಾಗ ನಳಿಗೆಯ ಎರಡು ತುದಿಗೂ ರಬ್ಬರ್ ಬಿರಡೆ ಹಾಕುತ್ತಾರೆ. ಅದರ ಚೂರು, ಟೇಪು, ಎದ್ದು ಬಂದ ಬಣ್ಣದ ಸಿಪ್ಪೆ, ಇಂಥದ್ದು ಏನಾದರೂ ಒಳಗೆ ಉಳಿದಿದ್ದು ಈಡು ಹೊಡೆದರೆ ನಳಿಗೆ ಸಿಡಿಯಬಹುದು. ಎಡಗೈ ಇರುವುದು ಸರಿಯಾಗಿ ಅಲ್ಲೇ. ಹಬ್ಬದ ದಿನ ನಳಿಗೆಯ ಬಾಯಿಗೆ ಸಿಕ್ಕಿಸುವ ತೋಕ್ ಪೂ ಹೂವು ಕೂಡ ಅಷ್ಟೇ, ತೆಂಗಿನಕಾಯಿಗೆ ಗುರಿ ಇಡುವ ಮೊದಲು ಅದನ್ನು ತೆಗೆದು ಒಳಗೆ ಎಸಳೂ ಉಳಿದಿಲ್ಲ ಅಂತ ನೋಡಿಕೊಳ್ಳಬೇಕು.

ಇನ್ನು ಚಲಿಸುವ ಭಾಗಗಳನ್ನು ನೋಡಿ. ಸೇಫ್ಟಿ ಪೂರ್ತಿ ಕೂರುತ್ತಿದೆಯಾ? ಟ್ರಿಗರ್ ಎಳೆದು ಬಿಟ್ಟರೆ ತಾನಾಗೇ ವಾಪಸ್ ಬರುತ್ತಿದೆಯಾ? ಕೋವಿ ಮುಚ್ಚಲು ಮೊದಲಿಗಿಂತ ಜಾಸ್ತಿ ಬಲ ಬೇಕಾ? ಒಳ್ಳೆಯ ಜೋಡಿನಳಿಗೆಯಲ್ಲಿ ನಳಿಗೆಯ ಹಿಂಭಾಗಕ್ಕೂ ಅದು ಕೂರುವ ಜಾಗಕ್ಕೂ ನಡುವೆ ಕಾಗದದಷ್ಟೂ ಸಂದು ಇರುವುದಿಲ್ಲ. ಸೆರಾಮಿಕ್ ಕೋಟಿಂಗ್ ಸರಿಯಾಗಿ ಹಾಕಿದರೂ ಸುಮಾರು 25 ಮೈಕ್ರಾನ್ ದಪ್ಪ ಬರುತ್ತದೆ. ತಿಳಿಯದವರು ಕೀಲು, ನಳಿಗೆಯ ಅಡಿಯ ಕೊಕ್ಕೆ, ಹೊಡೆದ ತೋಟೆಯನ್ನು ಹೊರಗೆ ಎಸೆಯುವ ಎಜೆಕ್ಟರ್ ಅಂತ ನೋಡದೆ ಎಲ್ಲದಕ್ಕೂ ಎರಡೆರಡು ಸಲ ಹೊಡೆದರೆ ಕೋವಿ ಮುಚ್ಚುವುದೇ ಕಷ್ಟ. ಆಗ ಮೊಣಕಾಲಿಗೆ ಕೊಟ್ಟು ಒತ್ತಬೇಡಿ. ಟ್ರಿಗರ್ ಒಳಗಿನ ಕೊಂಡಿಗಳಿಗೆ ಬಣ್ಣ ಕೂತಿದ್ದರೆ ಅದು ತಾನಾಗೇ ಜಾರಿ ಈಡು ಹಾರುವ ಅಪಾಯವೂ ಇದೆ. ಇಂಥ ಲಕ್ಷಣ ಒಂದು ಕಂಡರೂ ಆ ಕೋವಿಗೆ ತೋಟೆ ಹಾಕಲೇಬೇಡಿ. ಮನೆಯಲ್ಲಿ ಬಿಚ್ಚುವ ಕೆಲಸ ಅಲ್ಲ ಅದು.

ಈಗ ಹೊರಗಿನ ಕೋಟಿಂಗ್. ಏನು ಕೆಟ್ಟಿದೆ ಅಂತ ಕೈಗೆ ಗೊತ್ತಾಗುತ್ತದೆ. ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಗುಳಿಯಾಗಿದ್ದು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದು ಬರೀ ನೋಟದ ದೋಷ. ಹಾಗೇ ಬಿಡಿ. ಒಂದು ಕಡೆ ಬಣ್ಣ ಇಳಿದು ದಪ್ಪ ಗೆರೆಯಾಗಿದ್ದರೂ ಅಷ್ಟೇ, ಕೆಲಸಕ್ಕೆ ಅಡ್ಡಿ ಇಲ್ಲದಿದ್ದರೆ ಮುಟ್ಟಬೇಡಿ. ಮರಳು ಕಾಗದದ ಹಾಗೆ ಒರಟಾಗಿದ್ದರೆ ಸ್ಪ್ರೇ ಮಾಡುವಾಗ ಬಣ್ಣ ಗಾಳಿಯಲ್ಲೇ ಒಣಗಿ ಬಂದು ಕೂತಿದೆ ಅಂತ ಅರ್ಥ. ಇದು ನೀರಿನ ಪಸೆಯನ್ನೂ ಕೊಳೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಆಗಾಗ ಎಣ್ಣೆ ಬೇಕು. ಮೀನಿನ ಕಣ್ಣಿನಂಥ ದುಂಡು ಕುಳಿಗಳಿದ್ದರೆ ಕೆಳಗೆ ಎಣ್ಣೆ ಅಥವಾ ಸಿಲಿಕಾನ್ ಉಳಿದಿತ್ತು. ಗುಳ್ಳೆ ಎದ್ದು ಹಾಳೆ ಹಾಳೆಯಾಗಿ ಬರುತ್ತಿದ್ದರೆ ಮಾತ್ರ ಪೂರ್ತಿ ತೆಗೆಯಲೇಬೇಕು.

ಎರಡು ಸುಲಭ ಪರೀಕ್ಷೆ ಇವೆ. ಮುಂದಿನ ಮರದ ತುಂಡಿನ ಅಡಿಗೆ ಬರುವ, ಹೊರಗೆ ಕಾಣದ ಜಾಗದಲ್ಲಿ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಇಪ್ಪತ್ತು ಸಲ ತಿಕ್ಕಿ. ಬಟ್ಟೆಗೆ ಬಣ್ಣ ಬಂದರೆ ಅಥವಾ ಮೇಲ್ಮೈ ಅಂಟಂಟಾದರೆ ಅದು ಓವನ್ ಬಿಸಿಯಲ್ಲಿ ಸರಿಯಾಗಿ ಬೇಯದ ಕೋಟಿಂಗ್, ಇಲ್ಲವೇ ಸಾಮಾನ್ಯ ಪೇಂಟು. ನಮ್ಮದರಲ್ಲಿ ಬಟ್ಟೆ ಮಸಿಯಾಯಿತು. ಎರಡನೆಯದು, ಈಗಾಗಲೇ ಎದ್ದಿರುವ ಅಂಚಿನ ಮೇಲೆ ಗಟ್ಟಿ ಟೇಪು ಅಂಟಿಸಿ ಒಮ್ಮೆಲೇ ಎಳೆಯಿರಿ. ಅಂಚಿನ ಪುಡಿ ಮಾತ್ರ ಬಂದರೆ ತೊಂದರೆ ಅಲ್ಲಿಗಷ್ಟೇ. ಅಂಗುಲಗಟ್ಟಲೆ ಎದ್ದು ಬಂದರೆ ಇಡೀ ನಳಿಗೆಯದ್ದು ಅದೇ ಕತೆ. ಅಸಿಟೋನ್ ಮರದ ಹಿಡಿಗೆ ತಾಗಿಸಬೇಡಿ, ವಾರ್ನಿಶ್ ಕರಗುತ್ತದೆ. ಒಲೆ, ದೀಪ ಹತ್ತಿರ ಇರಕೂಡದು.

ಹೀಗೆ ಆಗಲು ಕಾರಣ ಹೆಚ್ಚು ಸಲ ಬಣ್ಣದ್ದಲ್ಲ, ಕೆಳಗಿನ ತಯಾರಿಯದ್ದು. ಐವತ್ತು ವರ್ಷ ಎಣ್ಣೆ ಕುಡಿದ ಕಬ್ಬಿಣವನ್ನು ಸುಮ್ನೆ ಬಟ್ಟೆಯಲ್ಲಿ ಒರೆಸಿ ಸ್ಪ್ರೇ ಹೊಡೆದರೆ ನಿಲ್ಲುವುದಿಲ್ಲ. ಸರಿಯಾಗಿ ಮಾಡುವವರು ಅಸಿಟೋನ್‌ನಲ್ಲಿ ತೊಳೆದು, ಓವನ್‌ನಲ್ಲಿ ಕಾಯಿಸಿ ಸಂದಿನಲ್ಲಿ ಅಡಗಿದ ಎಣ್ಣೆ ಬೆವರಿ ಹೊರಬರುವ ಹಾಗೆ ಮಾಡಿ, 100 ಅಥವಾ 120 ಗ್ರಿಟ್ ಅಲ್ಯುಮಿನಿಯಂ ಆಕ್ಸೈಡ್ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಊದಿ ಮೇಲ್ಮೈಯನ್ನು ಒರಟು ಮಾಡಿದ ಮೇಲೇ ಬಣ್ಣ ಹಾಕುತ್ತಾರೆ. ಆಮೇಲೆ ಬರಿಗೈಯಲ್ಲಿ ಮುಟ್ಟುವುದೂ ಇಲ್ಲ. ಸೆರಾಕೋಟ್ ಅನ್ನುವ ಸೆರಾಮಿಕ್ ಕೋಟಿಂಗ್ ಬ್ರ್ಯಾಂಡಿನ ಓವನ್ ಬಗೆಯನ್ನು ಉಕ್ಕಿನ ಮೇಲೆ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಬೇಯಿಸಬೇಕು. ಬಿಸಿಲಿಗೆ ಇಟ್ಟು ಒಣಗಿಸಿ ಕೊಟ್ಟರೆ ಅದು ಗಟ್ಟಿಯಾಗುವುದೇ ಇಲ್ಲ.

ತೆಗೆಯುವ ಕೆಲಸಕ್ಕೆ ಬರುವ ಮುಂಚೆ ಕಾನೂನಿನ ಎರಡು ಮಾತು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವವರಿಗೆ. ಬೇರೆಯವರ ಕೋವಿಯನ್ನು ರಿಪೇರಿ ಮಾಡಿಕೊಡುವವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ಕಾರಿಗೆ ಪೇಂಟ್ ಹೊಡೆಯುವ ಗ್ಯಾರೇಜಿಗೆ ನಳಿಗೆ ಕೊಟ್ಟು ಬರುವ ಯೋಚನೆ ಬಿಡಿ. ಇನ್ನೊಂದು, ಅದೇ ಕಾಯ್ದೆಯ 8ನೇ ಸೆಕ್ಷನ್. ಕೋವಿಯ ಮೇಲಿನ ನಂಬರು, ಹೆಸರು, ಗುರುತು ಅಳಿಸುವುದು ಅಪರಾಧ. ಮರಳು ಕಾಗದ ಹಿಡಿದು ಗಸಗಸ ತಿಕ್ಕಿ ನಂಬರು ಮಾಸಿಹೋದರೆ ಉದ್ದೇಶ ಏನಿತ್ತು ಅಂತ ಯಾರಿಗೆ ಹೇಳುವುದು? ಹಾಗಾಗಿ ಶುರು ಮಾಡುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಕಾಗದದಲ್ಲಿರುವ ನಂಬರಿಗೂ ಕೋವಿಯ ಮೇಲಿನದಕ್ಕೂ ತಾಳೆ ನೋಡಿ.

ತೆಗೆಯುವುದು ಹೇಗೆ? ಜೋಡಿನಳಿಗೆಯಲ್ಲಿ ಮುಂದಿನ ಮರವನ್ನೂ ನಳಿಗೆಯನ್ನೂ ಕೈಯಿಂದಲೇ ಬಿಡಿಸಬಹುದು. ಅಷ್ಟಕ್ಕೆ ನಿಲ್ಲಿಸಿ. ಸ್ಕ್ರೂ ಬಿಚ್ಚುವುದು ಬೇಡ. ಕೆಲಸ ನಳಿಗೆಗೆ ಮಾತ್ರ. ಎರಡು ತುದಿಗೂ ಬಿರಡೆ ಹಾಕಿ, ಒಳಗೆ ಏನೂ ಇಳಿಯಬಾರದು. ಪೇಂಟ್ ಅಂಗಡಿಯಲ್ಲಿ ಸಿಗುವ ಜೆಲ್ ರೂಪದ ಪೇಂಟ್ ರಿಮೂವರ್ ತನ್ನಿ. ಇದನ್ನು ಮನೆಯೊಳಗೆ ಮಾಡಲೇಬೇಡಿ. ಮೀಥಿಲೀನ್ ಕ್ಲೋರೈಡ್ ಇರುವ ರಿಮೂವರ್‌ಗಳನ್ನು ಮುಚ್ಚಿದ ಕೋಣೆಯಲ್ಲಿ ಬಳಸಿ ಜನ ಸತ್ತದ್ದಿದೆ. ಅಮೆರಿಕದಲ್ಲಿ ಮನೆ ಬಳಕೆಗೆ ಮಾರುವುದನ್ನೇ ನಿಲ್ಲಿಸಿದ್ದಾರೆ. ನಾನು ಕಣದಲ್ಲಿ, ಗಾಳಿ ಬೀಸುವ ಕಡೆ, ಮಳೆ ಬಿಟ್ಟ ದಿನ ಕೂತೆ. ಕಣ್ಣಿಗೆ ಕನ್ನಡಕ, ಕೈಗೆ ಕೆಮಿಕಲ್‌ಗೆ ಅಂತಲೇ ಇರುವ ದಪ್ಪ ಗ್ಲೌಸು. ಆಸ್ಪತ್ರೆಯ ತೆಳು ಗ್ಲೌಸು ಕೆಲಸಕ್ಕೆ ಬರುವುದಿಲ್ಲ.

ಬ್ರಶ್‌ನಲ್ಲಿ ದಪ್ಪಗೆ ಬಳಿದು ಪ್ಲಾಸ್ಟಿಕ್ ಹಾಳೆ ಸುತ್ತಿ ಇಡಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಹಾಳೆ ತೆಗೆದಾಗ ಬಣ್ಣ ಸುಕ್ಕುಗಟ್ಟಿ ಹಾಲಿನ ಕೆನೆಯ ಹಾಗೆ ಎದ್ದಿರುತ್ತದೆ. ಅದನ್ನು ಬಿದಿರಿನ ಸೀಳಿನಿಂದ ತಳ್ಳಿ. ಚಾಕು, ಬ್ಲೇಡು, ತಂತಿ ಬ್ರಶ್ಶು ಬೇಡ. ಎರಡು ನಳಿಗೆಯ ನಡುವೆ ಉದ್ದಕ್ಕೆ ಬೆಸೆದ ಪಟ್ಟಿಯಾದ ರಿಬ್ಬಿನ ಅಂಚು ಮತ್ತು ನಂಬರಿನ ಗುಳಿಗಳಿಗೆ ಹಳೇ ಹಲ್ಲುಜ್ಜುವ ಬ್ರಶ್ಶು ಸಾಕು. ಒಂದೇ ಸಲಕ್ಕೆ ಬರದಿದ್ದರೆ ಇನ್ನೊಮ್ಮೆ ಬಳಿಯಿರಿ, ಬಲ ಹಾಕಬೇಡಿ. ಚೆನ್ನಾಗಿ ಬೆಂದ ಸೆರಾಮಿಕ್ ಕೋಟಿಂಗ್ ಇದಕ್ಕೆಲ್ಲ ಜಗ್ಗುವುದಿಲ್ಲ, ಅದನ್ನು ಗ್ರಿಟ್ ಊದಿಯೇ ತೆಗೆಯಬೇಕು. ಆದರೆ ಹಳೇ ಕೋವಿಗೆ ಗ್ರಿಟ್ ಊದಿದರೆ ಕೆತ್ತನೆಯ ಅಂಚೂ ಗುರುತುಗಳೂ ಮೊಂಡಾಗುತ್ತವೆ. ಗನ್‌ಸ್ಮಿತ್ ನೋಡಿ ಹೇಳದೆ ಒಪ್ಪಬೇಡಿ.

ಕೆಳಗಿನ ತುಕ್ಕಿಗೆ ನಾಲ್ಕು ಸೊನ್ನೆಯ ನಯವಾದ ಸ್ಟೀಲ್ ವೂಲ್, ಜೊತೆಗೆ ತೆಳು ಎಣ್ಣೆ. ತೊಟ್ಟಿಕ್ಕುವಷ್ಟು ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟರೆ ಅರ್ಧ ಕೆಲಸ ಅದೇ ಮಾಡುತ್ತದೆ. ಗಟ್ಟಿ ಕಲೆಗೆ ತಾಮ್ರದ ಚೂರಿನ ಅಂಚು ಬಳಸಿ. ತಾಮ್ರ ಉಕ್ಕಿಗಿಂತ ಮೆತ್ತಗೆ, ತುಕ್ಕನ್ನು ಕೆರೆಯುತ್ತದೆ, ನಳಿಗೆಯನ್ನು ಗೀರುವುದಿಲ್ಲ. ಒಬ್ಬರು ಅಡುಗೆಯ ಹುಳಿ ಕಾಚಂಪುಳಿ ಹಚ್ಚಿ ಅಂದರು, ಇನ್ನೊಬ್ಬರು ಹುಣಸೆಹಣ್ಣು ಅಂದರು. ಎರಡೂ ಬೇಡ. ಹುಳಿ ತುಕ್ಕಿನ ಜೊತೆಗೆ ಉಳಿದಿರುವ ಹಳೇ ಬ್ಲೂಯಿಂಗನ್ನೂ (ಉಕ್ಕಿಗೆ ಕೊಟ್ಟ ಕಪ್ಪು ನೀಲಿ ಪದರ) ತಿಂದುಹಾಕುತ್ತದೆ. ಗ್ರೈಂಡರ್‌ಗೆ ಬಫಿಂಗ್ ಚಕ್ರ ಹಾಕಿ ಪಾಲಿಶ್ ಮಾಡುವುದಂತೂ ಬೇಡವೇ ಬೇಡ. ನಳಿಗೆಯ ಗೋಡೆ ಮುಂಭಾಗದಲ್ಲಿ ಮೊದಲೇ ತೆಳು. ಅಲ್ಲಿ ಕಳೆದುಕೊಂಡ ಉಕ್ಕು ಮತ್ತೆ ಬರುವುದಿಲ್ಲ.

ಕೋಟಿಂಗ್ ಹೋದ ಮೇಲೆ ಅವಸರ ಪಡಬೇಡಿ. ಈಗ ಓದುವ ಹೊತ್ತು. ನಳಿಗೆಯ ಹಿಂಭಾಗದ ಅಡಿಯಲ್ಲಿ, ಕೋವಿ ಮುಚ್ಚಿದಾಗ ಕಾಣದ ಚಪ್ಪಟೆ ಜಾಗದಲ್ಲಿ ಪ್ರೂಫ್ ಗುರುತುಗಳಿರುತ್ತವೆ. ನಮ್ಮದು ಬರ್ಮಿಂಗ್‌ಹ್ಯಾಮ್‌ನ 12 ಬೋರ್ ಕೋವಿ. ಅಲ್ಲಿನ ಪ್ರೂಫ್ ಹೌಸ್ 1813ರಿಂದ ನಳಿಗೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತಿದೆ. ಬಣ್ಣ ತುಂಬಿ ಮುಚ್ಚಿಹೋಗಿದ್ದ ಗುಳಿಗಳನ್ನು ಬ್ರಶ್ಶಿನಿಂದ ಬಿಡಿಸುತ್ತಾ ಹೋದಾಗ ಒಂದೊಂದೇ ಅಕ್ಷರ ಕಂಡವು. ಕೊನೆಗೆ ಎರಡೂವರೆ ಇಂಚು ಅನ್ನುವ ಅಂಕಿ. ನನ್ನ ಎದೆ ಧಸಕ್ಕೆಂದಿತು. ಅಂದರೆ ಇದು 65 ಮಿಲಿಮೀಟರ್ ತೋಟೆಯ ಕೋವಿ. ಅಲಮಾರಿನಲ್ಲಿದ್ದದ್ದು 70ರ ತೋಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಮೋಸ ಹೋಗುವುದು ಇಲ್ಲೇ. ತೋಟೆಯ ಮೇಲೆ ಬರೆದ ಉದ್ದ ಅದು ಹೊಡೆದು ಬಾಯಿ ಬಿಚ್ಚಿದ ಮೇಲಿನ ಉದ್ದ. ಹೊಡೆಯುವ ಮೊದಲು ಬಾಯಿ ಮಡಚಿರುವುದರಿಂದ ಗಿಡ್ಡಕ್ಕೆ ಇರುತ್ತದೆ. ಹಾಗಾಗಿ 70ರ ತೋಟೆ 65ರ ಕೋವಿಯೊಳಗೆ ಆರಾಮಾಗಿ ಹೋಗುತ್ತದೆ, ಕೋವಿ ಮುಚ್ಚುತ್ತದೆ ಕೂಡ. ಹೊಡೆದಾಗ ಮಾತ್ರ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಆ ಅಂಕಿ ಮೂರು ವರ್ಷ ಬಣ್ಣದ ಕೆಳಗಿತ್ತು. ನಾವು ಆ ತೋಟೆಗಳನ್ನು ಬಳಸುವುದನ್ನು ಅವತ್ತೇ ನಿಲ್ಲಿಸಿದೆವು.

ನಿಮ್ಮ ನಳಿಗೆಯಲ್ಲಿ ಬಣ್ಣದ ಕೆಳಗೆ ಹಗ್ಗ ಹೊಸೆದ ಹಾಗೆ, ನೀರಿನ ಅಲೆಯ ಹಾಗೆ ಗೆರೆಗಳು ಕಂಡರೆ ಅದು ಡಮಾಸ್ಕಸ್ ನಳಿಗೆ ಇರಬಹುದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದು ಮಾಡಿದ ಹಳೇ ಕಾಲದ್ದು. ನೋಡಲು ತುಂಬಾ ಚೆಂದ. ಆದರೆ ಈಗಿನ ಹೊಗೆರಹಿತ ಮದ್ದಿನ ತೋಟೆಯನ್ನು ಅದರಲ್ಲಿ ಹೊಡೆಯಬಾರದು. ಪೂಜೆಗೆ ಇಡಿ, ಮಕ್ಕಳಿಗೆ ತೋರಿಸಿ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟವಾದದ್ದು. ಬರೀ ನಳಿಗೆಯನ್ನು ಕೊಕ್ಕೆಯ ಕಡೆಯಿಂದ ದಾರದಲ್ಲಿ ತೂಗಿಬಿಟ್ಟು ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿಯಿರಿ. ಗಂಟೆಯ ಹಾಗೆ ಉದ್ದಕ್ಕೆ ನಾದ ಬಂದರೆ ಎರಡು ನಳಿಗೆಯನ್ನು ಹಿಡಿದಿರುವ ಬೆಸುಗೆ ಸರಿಯಿದೆ. ದಡ್ ಅಂತ ಸತ್ತ ಸದ್ದು ಬಂದರೆ ರಿಬ್ಬು ಎಲ್ಲೋ ಬಿಟ್ಟಿದೆ, ಆ ಸಂದಿನಲ್ಲಿ ನೀರು ಕೂತು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನಮ್ಮದು ದೇವಸ್ಥಾನದ ಗಂಟೆಯ ಹಾಗೆ ಮೊಳಗಿತು. ಅಜ್ಜಿ ಒಳಗಿನಿಂದ ಏನದು ಅಂತ ಕೇಳಿದರು.

ತುಕ್ಕು ತೆಗೆದಾಗ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಕುಳಿಗಳು ಕಂಡರೆ ಗನ್‌ಸ್ಮಿತ್ ಹತ್ತಿರ ಗೋಡೆಯ ದಪ್ಪ ಅಳೆಸುವವರೆಗೆ ಈಡು ಬೇಡ.

ಸರಿ, ಈಗ ಬರಿ ಮೈಯ ನಳಿಗೆ. ಇದಕ್ಕೆ ಮುಂದೇನು? ಜೋಡಿನಳಿಗೆಗೆ ನನ್ನ ಮಟ್ಟಿಗೆ ರಸ್ಟ್ ಬ್ಲೂಯಿಂಗೇ ಸರಿ. ಬೇಕೆಂದೇ ತೆಳುವಾಗಿ ತುಕ್ಕು ಬರಿಸಿ, ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಮೇಲಿನ ಪುಡಿಯನ್ನು ಉಜ್ಜಿ ಮತ್ತೆ ಅದನ್ನೇ ಹಲವು ಸಲ ಮಾಡುತ್ತಾರೆ. ದಿನಗಟ್ಟಲೆ ಕೆಲಸ. ದುಡ್ಡು ಜಾಸ್ತಿ. ಆದರೆ ನೀರು ಕುದಿಯುವ ಬಿಸಿಗಿಂತ ಮೇಲೆ ಹೋಗುವುದಿಲ್ಲ, ಬೆಸುಗೆಗೆ ಏನೂ ಆಗುವುದಿಲ್ಲ. ಬೇಗ ಆಗುವ ಹಾಟ್ ಬ್ಲೂಯಿಂಗ್ ಅಂತ ಇನ್ನೊಂದಿದೆ, ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣದ ದ್ರಾವಣವನ್ನು 135ರಿಂದ 150 ಡಿಗ್ರಿಗೆ ಕಾಯಿಸಿ ಅದರಲ್ಲಿ ಅದ್ದುವುದು. ಒಂಟಿನಳಿಗೆಗೆ ಪರವಾಗಿಲ್ಲ. ಜೋಡಿಗೆ ಮಾಡಿಸಿದರೆ ಆ ಕಾಸ್ಟಿಕ್ ತವರ ಮತ್ತು ಸೀಸದ ಬೆಸುಗೆಯನ್ನು ತಿನ್ನುತ್ತದೆ. ರಿಬ್ಬಿನ ಸಂದಿಗೆ ಹೋದ ಉಪ್ಪು ತಿಂಗಳುಗಟ್ಟಲೆ ಬೆವರುತ್ತಾ ಹೊರಬರುತ್ತದೆ. ಕೆಲಸ ಮಾಡಿಕೊಡುವವರು ಎರಡೂ ಒಂದೇ ಅಂದರೆ ಕೋವಿ ವಾಪಸ್ ತನ್ನಿ.

ಬಾಟಲಿಯಲ್ಲಿ ಬರುವ ಕೋಲ್ಡ್ ಬ್ಲೂ ಸಣ್ಣ ಗೀರು ಮುಚ್ಚಲು ಮಾತ್ರ. ಬಣ್ಣ ಬರುತ್ತದೆ, ರಕ್ಷಣೆ ಅಷ್ಟಿಲ್ಲ.

ಮತ್ತೆ ಸೆರಾಮಿಕ್ಕೇ ಬೇಕು ಅನ್ನುವವರು ಮಾಡುವವರನ್ನು ನೇರವಾಗಿ ಕೇಳಿ. ಲೈಸೆನ್ಸ್ ತೋರಿಸುತ್ತೀರಾ? ಎಣ್ಣೆ ಹೇಗೆ ತೆಗೆಯುತ್ತೀರಾ? ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಬೇಯಿಸುತ್ತೀರಾ? ಮೆದು ಬೆಸುಗೆ 183 ಡಿಗ್ರಿ ಸುತ್ತ ಕರಗುತ್ತದೆ, ಓವನ್ನಿನ ಅಳತೆ ಸರಿ ಇರಲೇಬೇಕು. ತೋಟೆ ಕೂರುವ ಕೋಣೆ, ನಳಿಗೆಯ ಒಳಭಾಗ, ಕೀಲು, ಕೊಕ್ಕೆ, ಎಜೆಕ್ಟರ್, ನಳಿಗೆಯ ಹಿಂಮುಖ, ಪ್ರೂಫ್ ಗುರುತಿನ ಜಾಗ, ಇವಕ್ಕೆ ಬಣ್ಣ ತಾಗುವುದಿಲ್ಲ ಅಂತ ಬರೆಸಿಕೊಳ್ಳಿ. ತಡವರಿಸದೆ ಉತ್ತರ ಕೊಡುವವರ ಹತ್ತಿರ ಮಾತ್ರ ಬಿಡಿ.

ಮಳೆ ಜೋರಾಗಿದ್ದು ಈಗ ಏನೂ ಮಾಡಿಸಲು ಆಗದಿದ್ದರೆ, ಸಡಿಲವಾಗಿರುವ ಸಿಪ್ಪೆಯನ್ನು ಬಿದಿರು ಕಡ್ಡಿಯಿಂದ ತೆಗೆದು, ಚೆನ್ನಾಗಿ ಒಣಗಿಸಿ, ಅಂಚುಗಳ ಅಡಿಗೆ ಇಳಿಯುವ ಹಾಗೆ ಎಣ್ಣೆ ಬಿಡಿ. ಬಿಸಿಲು ಬರುವವರೆಗೆ ತುಕ್ಕು ನಿಧಾನವಾಗುತ್ತದೆ.

ನಾವು ಸದ್ಯಕ್ಕೆ ಏನೂ ಹಾಕಿಸಿಲ್ಲ. ಎಣ್ಣೆ, ಅದರ ಮೇಲೆ ತೆಳುವಾಗಿ ವ್ಯಾಕ್ಸ್, ಅಷ್ಟೇ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸುತ್ತೇನೆ. ತೆಂಗಿನೆಣ್ಣೆ ಹಚ್ಚುವ ರೂಢಿ ಕೆಲವರಿಗೆ ಇದೆ. ಅದು 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ, ಮಡಿಕೇರಿಯ ಚಳಿಯಲ್ಲಿ ಮೇಣದ ಹಾಗೆ ಕೂರುತ್ತದೆ, ಹಳೆಯದಾದರೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯಾದರೂ ಸರಿ, ಗನ್ ಆಯಿಲ್ ಆದರೆ ಇನ್ನೂ ಒಳ್ಳೆಯದು. ಬೀಗ ಹಾಕಿದ ಅಲಮಾರಿನಲ್ಲಿ ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಜಾಸ್ತಿಯಾದ ಎಣ್ಣೆ ಇಳಿದು ಮರದ ಹಿಡಿಗೆ ಸೇರುವುದಿಲ್ಲ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಮಳೆಗಾಲ ಕಳೆಸಬೇಡಿ, ಅದು ಪಸೆ ಹೀರಿ ಕೋವಿಗೇ ಕೊಡುತ್ತದೆ. ಪೂಜೆ ಮುಗಿದ ಸಂಜೆಯೇ ಗಂಧ, ಕುಂಕುಮ ಒರೆಸಿ. ಒದ್ದೆ ಗಂಧ ಕೂತ ಜಾಗದಲ್ಲಿ ಒಂದೇ ರಾತ್ರಿಗೆ ಚುಕ್ಕೆ ಬೀಳುತ್ತದೆ.

ಕೊನೆಗೆ ಆ ಕೆರೆದು ತೆಗೆದ ಲೋಳೆ. ಅದನ್ನು ತೋಟದ ತೋಡಿಗೆ ತೊಳೆದು ಬಿಡಬೇಡಿ, ಕೆಳಗಿನ ಗದ್ದೆಗೆ, ದನ ಕುಡಿಯುವ ನೀರಿಗೆ ಹೋಗುತ್ತದೆ. ನಾನು ಹಳೇ ಕಾಗದಕ್ಕೆ ಒರೆಸಿ, ಬಯಲಲ್ಲಿ ಪೂರ್ತಿ ಒಣಗಲು ಬಿಟ್ಟು, ತಗಡಿನ ಡಬ್ಬಿಯಲ್ಲಿ ಮುಚ್ಚಿ, ಬೇರೆ ಕಸಕ್ಕೆ ಸೇರಿಸದೆ ಕಸದ ಗಾಡಿಯವರಿಗೆ ಏನದು ಅಂತ ಹೇಳಿಯೇ ಕೊಟ್ಟೆ.